ಎರಡು ಚೊಂಬು ಆವಿ

ದಿನಾಂಕ 12 ಮೇ 1993, ಬುಧವಾರ, ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತೈದು ನಿಮಿಷ. ಸ್ಥಳ: ಗೋವಾದ ಪರ್ವರಿಯಲ್ಲಿ ನಮ್ಮ ಹವಾಮಾನ ವೀಕ್ಷಣೆಯ ಅಂಗಳ. ಹಾಜರಿದ್ದವರು: ವೀಕ್ಷಕನಾದ ನಾನು, ಕಸ ಗುಡಿಸುವ ಶಾಂತವ್ವ, ಉಪಗ್ರಹದ ಪರವಾಗಿ ಸಂಶೋಧಕಿ ವೈಶಾಲಿ. ಉಪಗ್ರಹ ಖುದ್ದಾಗಿ ಬಂದಿರಲಿಲ್ಲ. ದೊಡ್ಡವರು ಹಾಗೆಯೇ, ಮೇಲಿನಿಂದಲೇ ನೋಡುತ್ತಾರೆ.

ಶಿಸ್ತಿನ ಮನುಷ್ಯನಿಗೆ ಒಂದು ದುರಭ್ಯಾಸವಿರುತ್ತದೆ: ತಪ್ಪುಗಳೆಲ್ಲ ಬೇರೆಯವರಲ್ಲೇ ಕಾಣುತ್ತವೆ. ನನಗೂ ಇದೆ. ಹನ್ನೊಂದು ವರ್ಷದಿಂದ ದಿನಾ ಎಂಟೂವರೆಗೆ ಸರಿಯಾಗಿ, ಅಂಗಳದ ಅಗಲ ಬಾಯಿಯ ತಗಡಿನ ತೊಟ್ಟಿಯಲ್ಲಿ ನೀರು ಎಷ್ಟು ಇಳಿದಿದೆ ಎಂದು ನೋಡಿ, ಇಳಿದಷ್ಟನ್ನು ಅಳತೆಯ ಪಾತ್ರೆಯಿಂದ ತುಂಬಿ, ಅಷ್ಟೂ ಆವಿಯಾಯಿತೆಂದು ರಿಜಿಸ್ಟರಿನಲ್ಲಿ ಬರೆಯುತ್ತ ಬಂದವನು ನಾನು. ಮಗಳ ಮದುವೆಯ ಮುಹೂರ್ತವನ್ನೂ ಒಂಬತ್ತರ ನಂತರ ಇಡಿಸಿದ್ದೆ. ಷರಾ ಅಂಕಣದಲ್ಲಿ ಸದಾ ಒಂದೇ ಮಾತು: ಏನೂ ಇಲ್ಲ. ಈ ತಿಂಗಳ ಕೊನೆಗೆ ನಿವೃತ್ತಿ. ಹಿಂದೆ ಬಿಟ್ಟುಹೋಗಲು ನನ್ನಲ್ಲಿರುವುದು ಆ ರಿಜಿಸ್ಟರುಗಳೇ.

ಈಗ ಉಪಗ್ರಹ ಬಂದಿದೆ. ಅದು ನೂರಾರು ಮೈಲಿ ಎತ್ತರದಿಂದ ನೆಲದ ಬಿಸಿ ನೋಡಿ, ಎಷ್ಟು ನೀರು ಆವಿಯಾಯಿತೆಂದು ಲೆಕ್ಕ ಹಾಕಿಕೊಡುತ್ತದಂತೆ. ಹಸಿ ನೆಲ ತಂಪು, ಒಣ ನೆಲ ಬಿಸಿ, ಇಷ್ಟೇ ಗುಟ್ಟು. ಕಲಂಗುಟ್ ಮರಳಿನ ಮೇಲೆ ಬರಿಗಾಲಲ್ಲಿ ಮಣಿಸರ ಮಾರುವ ನಮ್ಮ ಕಡೆಯ ಹೆಂಗಸರು ಇದನ್ನು ರಾಕೆಟ್ ಹಾರಿಸದೆಯೇ ಕಂಡುಕೊಂಡಿದ್ದಾರೆ. ಮಳೆಗಾಲದಲ್ಲಿ ಮೋಡ ಅಡ್ಡ ಬಂದರೆ ಅದಕ್ಕೆ ನೆಲವೇ ಕಾಣುವುದಿಲ್ಲ. ನಾನು ಕೊಡೆ ಹಿಡಿದು ಹೋಗುತ್ತೇನೆ.

ವೈಶಾಲಿ ಬೆಳಗಾವಿಯ ವ್ಯಾಪಾರಸ್ಥರ ಮನೆಯ ಹುಡುಗಿ. ನಕ್ಷೆ ಬಿಡಿಸಿ ಮೆಲ್ಲಗೆ ಹೇಳಿದಳು: “ಕಾಕಾ, ನೆಲಕ್ಕಿಂತ ತೊಟ್ಟಿ ನೀರು ಜಾಸ್ತಿ ಆರತೈತಿ, ಅದನ್ನ ಕಳದೇನಿ. ಆದ್ರೂ ಏಪ್ರಿಲ್, ಮೇದಾಗ ನಿಮ್ಮದು ದಿನಾ ಎರಡು ಮಿಲಿಮೀಟರ್ ಹೆಚ್ಚ ಬರಾಕತ್ತೈತಿ.”

“ನಿಮ್ಮ ಉಪಗ್ರಹದ ಕಣ್ಣಿಗೆ ಒಂದು ಚಾಳೀಸ ಕೊಡಸವಾ, ತಂಗಿ.”

“ಕೊಡಸೋಣ್ರಿ. ಮೊದ್ಲ ನಿಮ್ಮ ಪದ್ಧತಿ ನೋಡ್ತೀನಿ. ಕಾರಣ ಸಿಗಲಿಲ್ಲಂದ್ರ ನಿಮ್ಮ ರಿಜಿಸ್ಟರ್ ಅಷ್ಟೂ ಬಿಡಬೇಕಾಗತೈತಿ.”

ನೋಡಲಿ ಎಂದುಕೊಂಡೆ. ಗುಲ್‌ಮೊಹರ್ ಮರದ ಎಸಳುಗಳು ತೊಟ್ಟಿಗೆ ಹೊದಿಸಿದ ಜಾಲರಿಯೊಳಗಿಂದ ಉದುರಿ ನೀರಿನಲ್ಲಿ ತೇಲುತ್ತಿದ್ದವು. ಕಸ ಬಿದ್ದ ನೀರನ್ನು ಅಳೆಯುವವನು ನಾನಲ್ಲ. ಜಾಲರಿ ಎತ್ತಿ, ಎಂದಿನಂತೆ ದೊಡ್ಡ ಚೊಂಬು ಅದ್ದಿ, ಎಸಳುಗಳ ಸಮೇತ ನೀರನ್ನು ಬದಿಗೆ ಚೆಲ್ಲಿದೆ. ಇನ್ನೊಂದು ಸಲ ಅದ್ದಿ ಚೆಲ್ಲಿದೆ. ಎಂಟೂವರೆಗೆ ಸರಿಯಾಗಿ ಅಳೆಯಲು ಬಗ್ಗಿದೆ.

ವೈಶಾಲಿ ತೊಟ್ಟಿಯನ್ನು ಬಿಟ್ಟು ಚೆಲ್ಲಿದ ನೀರನ್ನೇ ನೋಡುತ್ತಿದ್ದಳು. “ಶಾಂತವ್ವ, ಕಾಕಾ ದಿನಾ ಹಿಂಗ ಮಾಡ್ತಾರೇನು?”

“ಹೂವಿನ ಕಾಲದಾಗ ದಿನಾ ಎರಡು ಚೊಂಬು ರೀ. ಸಾಹೇಬ್ರದು ಭಾಳ ಮಡಿ. ನೀರು ದಂಡ ಆಗಬಾರದಂತ ನಾ ಅಲ್ಲೇ ಪುದೀನ ಹಚ್ಚೇನಿ. ಹ್ವಾದ ವಾರ ಇವರ ಮನಿಗೂ ಕೊಟ್ಟೇನಲ್ರಿ.”

ಕೊಟ್ಟಿದ್ದಳು. ಚಟ್ನಿ ಚೆನ್ನಾಗಿತ್ತು.

ವೈಶಾಲಿ ಅದೇ ಚೊಂಬಿನಿಂದ ಎರಡು ಸಲ ಅಳತೆಯ ಪಾತ್ರೆಗೆ ನೀರು ಸುರಿದಳು. ತೊಟ್ಟಿಯ ಲೆಕ್ಕದಲ್ಲಿ ಸರಿಯಾಗಿ ಎರಡು ಮಿಲಿಮೀಟರ್. ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು.

“ಯಾವ್ಯಾವ ದಿನ ಹೂವು ತಗದ್ರಿ ಅಂತ ಷರಾದಾಗ ಬರದಿದ್ರ ಕಳದು ಸರಿ ಮಾಡಬಹುದು, ಕಾಕಾ.”

ಷರಾದಲ್ಲಿ ನಾನು ಏನು ಬರೆದಿದ್ದೆನೆಂದು ಓದುಗರಿಗೆ ಗೊತ್ತೇ ಇದೆ.

“ಇರ್ಲಿ ಬಿಡ್ರಿ,” ಎಂದಳು. “ಚಳಿಗಾಲದ್ದು ಇಟ್ಕೋತೀನಿ, ಬೇಸಿಗಿದ್ದು ಬಿಡ್ತೀನಿ.”

ಹನ್ನೊಂದು ಬೇಸಿಗೆಗಳು ಅಷ್ಟು ಸಲೀಸಾಗಿ ಹೋದವು. ಸಂಜೆ ಐದಕ್ಕೆ ರಿಜಿಸ್ಟರ್ ತೆಗೆದು, ಷರಾ ಅಂಕಣದಲ್ಲಿ ದುಂಡಗೆ ಬರೆದೆ: “ವೀಕ್ಷಕನ ಶುಚಿತ್ವ, ಎರಡು ಚೊಂಬು.” ಕೆಳಗೆ ಸ್ಕೇಲ್ ಇಟ್ಟು ನೇರವಾಗಿ ಗೆರೆ ಎಳೆದು, ಪುಸ್ತಕ ಮುಚ್ಚಿದೆ.