#ಬೋನಾಳಕೆರಿಹುಣಸಿಗಿಡ

ಸುರಪುರದಾಗ ತಹಸೀಲ್ ಕಚೇರಿ ಎದುರಿಗೆ ನಂದೊಂದು ಸಣ್ಣ ಫೋಟೊ ಅಂಗಡಿ ಅದ. ಮೊದಲು ಮಂದಿ ಪಾಸ್‌ಪೋರ್ಟ್ ಸೈಜಿನ ಫೋಟೊ ಕೇಳ್ತಿದ್ರು. ಈಗ "ಇದನ್ನ ಫೋನಿನಾಗ ಹಾಕಿ ಕೊಡ್ರಿ, ಹ್ಯಾಶ್‌ಟ್ಯಾಗ್ ಹಚ್ಚಿ" ಅಂತಾರ. ಹಚ್ಚೋದು ನನ್ನ ಕೆಲಸ, ಖರೇ. ಆದ್ರ ಹಚ್ಚಿದ ಮ್ಯಾಲ ಆಗೋ ಭಾನಗಡಿ ಎಲ್ಲಾ ನನ್ನ ಅಂಗಡಿಗೇ ಬರ್ತಾವ. ವಾರಕ್ಕೊಂದರೆ ಗ್ಯಾರಂಟಿ.

ಒಂದು: ಮದುವಿ ಕಾರ್ಡು

ಶಹಾಪುರದಿಂದ ಮದುಮಗಳ ಸೋದರಮಾವ ಬಂದಿದ್ರು. ಫೋಟೊದ ಕೆಳಗ ಎರಡು ಹ್ಯಾಶ್‌ಟ್ಯಾಗ್ ಹಚ್ಚಿ ತೋರಿಸಿದೆ. ಒಂದು ಗಂಡಿನ ಹೆಸರು, ಒಂದು ಹೆಣ್ಣಿನ ಹೆಸರು. ಅವರು ಕನ್ನಡಕ ಏರಿಸಿ ನೋಡಿ, "ಉಳಿದವರು ಎಲ್ಲಿ ಹೋದ್ರು?" ಅಂದ್ರು.

"ಉಳಿದವರು ಯಾರ್ರೀ?"

ಮದುವಿ ಕಾರ್ಡು ತಗದು ನನ್ನ ಮುಂದ ಇಟ್ರು. "ಇದರಾಗ ಇದ್ದವರೆಲ್ಲಾ ಅಲ್ಲೂ ಇರಬೇಕು. ಒಂದು ಹೆಸರು ಬಿಟ್ರ ಒಂದು ಮನಿ ಮುನಿಸ್ಕೊಂತದ."

ನಮ್ಮ ಕಡಿ ಕಾರ್ಡು ನಿಮಗ ಗೊತ್ತಲ್ಲ. ಕಾಕಾಗಳು, ಮಾಮಾಗಳು, ಕಡೀಕ ಸುಖಾಗಮನ ಬಯಸೋ ಕೂಸುಗಳು. ಒಂದೊಂದು ಹೆಸರಿಗೆ ಒಂದೊಂದು ಹ್ಯಾಶ್ ಹಚ್ಚಿ ಹಚ್ಚಿ ನನ್ನ ಬೆರಳು ಜೋಮು ಹಿಡೀತು. ಮರುದಿನ ಅದ ಮನೀಯವರು ಇನ್ನೊಬ್ಬರು ಸಿಟ್ಟಿನಿಂದ ಬಂದ್ರು.

"ನನ್ನ ಹೆಸರು ನನ್ನ ತಮ್ಮನ ಹೆಸರಿನ ಕೆಳಗ ಯಾಕ ಅದ?"

"ಇದರಾಗ ಮ್ಯಾಲ ಕೆಳಗ ಅಂತ ಇರಂಗಿಲ್ರಿ, ಎಲ್ಲಾ ಒಂದ."

ಜರಾ ವಿಚಾರ ಮಾಡಿದ್ರು. "ಎಲ್ಲಾ ಒಂದ ಇದ್ರ, ನಂದು ಮೊದಲು ಹಾಕಾಕ ನಿನಗೇನು ತ್ರಾಸ?"

ಎರಡು: ಕುರಿ ಗುರುತು

ಇದನ್ನೆಲ್ಲ ನಮ್ಮ ಚಾಚಿ ನೋಡಕೋತ ಕುಂತಿರ್ತಾಳ. ನನ್ನ ಅಂಗಡಿ ಕಟ್ಟಿ ಮ್ಯಾಲ ಬಳಿ ಮಾರ್ತಾಳ, ಅರವತ್ತು ದಾಟ್ಯಾವ. ಒಂದಿನ ಕೇಳಿದ್ಳು: "ಬೇಟಾ, ಈ ನಾಕು ಗೆರಿ ಯಾತಕ್ಕ ಹಚ್ತೀ?"

ನಾ ಎರಡು ಸಲ ತಿಳಿಸಿ ಹೇಳಿದೆ. ಚಾಚಿ ಮಾರಿ ನೋಡಿದ ಮ್ಯಾಲ, ನನಗೂ ಸರಿಯಾಗಿ ತಿಳಿದಿಲ್ಲ ಅನ್ನೋದು ಗೊತ್ತಾತು. ಆಧಾರ್ ಝೆರಾಕ್ಸ್‌ಗೆ ನಿಂತಿದ್ದ ಕುರಿ ಕಾಯೋ ಮುದುಕ ನಡುವ ಬಾಯಿ ಹಾಕಿದ.

"ಕುರಿ ಬೆನ್ನಿಗೆ ಕೆಂಪು ಹಚ್ತೀವಲ್ಲಬೇ, ಹಂಗ. ಕೆರಿ ದಂಡಿಗೆ ನಾಕು ಹಿಂಡು ಕೂಡಿದ್ರ, ಗುರುತು ನೋಡಿ ನಮ್ಮವನ್ನ ಈ ಕಡಿ ತಗೀತೀವಿ. ಅದ ಇದು."

ಹತ್ತು ಮಾತಿನಾಗ ನನ್ನ ವಿದ್ಯಾ ಎಲ್ಲಾ ಮುಗಿಸಿಬಿಟ್ಟ.

ಚಾಚಿ ಬಳಿ ಬುಟ್ಟಿ ಬದಿಗಿಟ್ಳು. "ಹಂಗಾದ್ರ ನನಗೂ ಒಂದು ಹಚ್ಚಿ ಕೊಡು. ನನ್ನ ಗೆಳತಿ ಕಳದಾಳ."

ಇಬ್ಬರೂ ಬೋನಾಳದಾಗ ಬೆಳದವರಂತ. ಗೆಳತಿ ಕುರಿ ಕಾಯೋರ ಮಗಳು. ಮಧ್ಯಾಹ್ನ ಕೆರಿ ಏರಿ ಮ್ಯಾಲಿನ ಹುಣಸಿಗಿಡದ ಬುಡಕ್ಕ ಇಬ್ಬರೂ ಕೂಡಿ ಬುತ್ತಿ ಬಿಚ್ತಿದ್ರಂತ. ಅಕಿನ್ನ ಸೊಲ್ಲಾಪುರ ಕಡಿ ಮದುವಿ ಮಾಡಿ ಕೊಟ್ರು. ಒಂದು ಪತ್ರ ಬಂತು, ಆಮ್ಯಾಲ ಅದೂ ಇಲ್ಲ. ನಲವತ್ತು ವರ್ಷ ಆತು.

"ಅಕಿ ಹೆಸರು ಹಚ್ಚಲೇನ್ರಿ?"

"ಬ್ಯಾಡ. ಆ ಹೆಸರಿನವರು ಸಾವಿರ ಮಂದಿ ಅದಾರ. ಬೋನಾಳ ಕೆರಿ ಹುಣಸಿಗಿಡ ಅಂತ ಹಚ್ಚು. ಕುರಿಯವರ ಹುಡುಗಿ ಅಕಿ, ಗುರುತು ಕಂಡ್ರ ಬರ್ತಾಳ."

ಬಳಿ ಫೋಟೊ ತಗದು, ಕೆಳಗ ಗುರುತು ಹಚ್ಚಿ ಹಾಕಿದೆ.

"ಬಂದ್ಳೇನು?"

"ಚಾಚಿ, ಈಗರೆ ಹಚ್ಚೇನ್ರಿ!"

ಮರುದಿನ ಅಂಗಡಿಗೆ ಬಂದ್ರ ನನ್ನ ಬೋರ್ಡೇ ಕಾಣವಲ್ದು. ಅದರ ಮ್ಯಾಲ ಒಂದು ಕೌದಿ ಒಣಗಾಕತ್ತಿತ್ತು. "ಅಕಿ ಬಂದ್ರ ಹೊಚಗೊಳ್ಳಾಕ ಬೇಕಲ್ಲ," ಅಂದ್ಳು ಚಾಚಿ.

ಮೂರು: ಓಣಿ ಮಂದಿ ಉಪಕಾರ

ತಿಂಗಳುಗಟ್ಟಲೆ ಆ ಗುರುತಿನ ಕೆಳಗ ಚಾಚಿ ಬಳಿಗಳ ಫೋಟೊ ಬಿಟ್ರ ಮತ್ತೇನಿಲ್ಲ. ದಿನಾ ಮುಂಜಾನಿ ಬುಟ್ಟಿ ಇಳಿಸೋಕಿಂತ ಮೊದಲ ಕೇಳ್ತಿದ್ಳು, "ಬಂದ್ಳೇನು?" ನಾ ಫೋನ್ ತಗದು ಇನ್ನೊಮ್ಮಿ ನೋಡಿ, "ಇಲ್ರಿ" ಅಂತಿದ್ದೆ. ಯಾವುದರೆ ಸುಳ್ಳು ಹೆಸರಿನಿಂದ "ಬರ್ತೇನಿ" ಅಂತ ನಾನ ಬರದುಬಿಡಲೇನು ಅನ್ನಿಸ್ತು ಒಮ್ಮಿ. ಕೌದಿ ನೆನಪಾತು. ಬರೀಲಿಲ್ಲ.

ಸುದ್ದಿ ಓಣಿಗೆಲ್ಲ ಹಬ್ಬಿತು. ಕೂಗೋರು ಹೆಚ್ಚಾದ್ರ ದೂರ ಕೇಳಸ್ತದ ಅಂತ ಮಂದಿ ತಾವ ತೀರ್ಮಾನ ಮಾಡಿದ್ರು. ಟೇಲರ್ ತಾ ಹೊಲದ ಬ್ಲೌಸಿನ ಫೋಟೊಕ್ಕ ಅದ ಗುರುತು ಹಚ್ಚಿ ಹಾಕಿದ. ಬಜಿ ಅಂಗಡಿಯವ ಮಿರ್ಚಿ ಬಜಿಗೆ ಹಚ್ಚಿದ. ಯಾರೋ ಹಳೀ ಟ್ರ್ಯಾಕ್ಟರಿಗೆ ಹಚ್ಚಿದ್ರು. ಆ ಕುರಿ ಮುದುಕ ಸುಮ್ನಿರ್ತಾನೇನು? ತನ್ನ ಟಗರು ಹಿಡಕೊಂಡು ಬಂದು ಅಂಗಡಿ ಮುಂದ ನಿಲ್ಲಿಸಿ ಫೋಟೊ ತಗಸಿದ. "ಮಾರಾಟಕ್ಕಿದೆ ಅಂತನೂ ಬರಿ," ಅಂದ. ಉಪಕಾರದ ಜೋಡಿ ವ್ಯಾಪಾರ.

ಚಾಚಿಗೆ ತೋರಿಸಿದೆ. ಬೆಂಕಿ ಆದ್ಳು. "ಯಾ ಅಲ್ಲಾ! ಈ ಬಜಿ, ಟ್ರ್ಯಾಕ್ಟರ್ ನಡುವ ಅಕಿ ನನ್ನ ಹೆಂಗ ಹುಡುಕಬೇಕೋ?"

ಬಜಿಯವ ದೂರದಿಂದನ ಒದರಿದ: "ಬಜಿ ನೋಡಿರೆ ಬರ್ತಾಳ ತಗೋರಿ ಚಾಚಿ!"

ನಾಕು: ಟಗರು

ಬಜಿಗೆ ಬರಲಿಲ್ಲ. ಟಗರಿಗೆ ಬಂತು. ಒಂದಿನ ಟಗರಿನ ಫೋಟೊದ ಕೆಳಗ, ಸೊಲ್ಲಾಪುರದ ಯಾವುದೋ ಹುಡುಗಿ ಫೋನಿನಿಂದ ನಾಕು ಸಾಲು ಇದ್ವು. ಗಟ್ಟಿಯಾಗಿ ಓದಿದೆ:

"ನಮ್ಮ ಅಜ್ಜಿ ಹೇಳಾಕತ್ತಾಳ. ಟಗರು ಭಾಳ ಬಡವಾಗೇದ, ಮೇವು ಹಾಕ್ರಿ. ಆ ಹುಣಸಿಗಿಡದ ಬುಡಕ್ಕ ನನ್ನ ಬುತ್ತಿ ತಿನ್ನೋ ಹುಡುಗಿ ಇನ್ನೂ ಅದಾಳೇನು?"

ಚಾಚಿ ಕೈಯಾನ ಬಳಿ ಡಜನ್ ಕೆಳಗ ಬಿತ್ತು. "ಇನ್ನೊಮ್ಮಿ ಓದು," ಅಂದ್ಳು. ಐದು ಸಲ ಓದಿಸಿದ್ಳು. ಆಮ್ಯಾಲ ಸೆರಗಿಲೆ ಮಾರಿ ಒರಸ್ಕೊಂಡು, "ಅದಾಳ ಅಂತ ಬರಿ," ಅಂದ್ಳು. ನಾ ಬರದೆ. "ಬುತ್ತಿ ಅಕಿ ಒಬ್ಬಾಕೀದಲ್ಲ, ಅರ್ಧ ನಂದಿತ್ತು. ಅದನ್ನೂ ಬರಿ."

ಬಾ ಅಂತ ಕರದ್ಳು. ಮೊಣಕಾಲು ಹೋಗ್ಯಾವ, ಬಸ್ ಹತ್ತಾಕ ಆಗಂಗಿಲ್ಲ ಅಂತ ಆ ಕಡಿಂದ ಬಂತು. ಚಾಚಿ ಮೊಣಕಾಲೂ ಅಂಥವ. ಆ ದಿನ ಒಂದು ಬಳೀನೂ ಮಾರಲಿಲ್ಲ. ಸಂಜಿಗೆ ಕೌದಿ ಮಡಚಿಕೊಂಡು ಮನಿಗೆ ಹೋದ್ಳು.

ಮರುದಿನ ಮುಂಜಾನಿ ಡಬ್ಬಿ ತಂದು ನನ್ನ ಮುಂದ ಬಿಚ್ಚಿ ಇಟ್ಳು. ಜ್ವಾಳದ ರೊಟ್ಟಿ, ಪುಂಡಿಪಲ್ಯಾ, ಶೇಂಗಾ ಹಿಂಡಿ.

"ಫೋಟೊ ಹೊಡಿ. ಗುರುತು ಹಚ್ಚು."

"ಸಿಕ್ಕಾಳಲ್ರಿ ಚಾಚಿ, ಇನ್ನ್ಯಾತಕ್ಕ ಗುರುತು?"

"ಕುರಿ ಸಿಕ್ತಂತ ಯಾರರೆ ಗುರುತು ಅಳಸ್ತಾರೇನೋ ಹುಚ್ಚಪ್ಪ? ನಿನ್ನ ಪಾಲು ಇಟ್ಟೇನಿ ಅಂತ ಬರಿ."

ಬರದು ಹಾಕಿದೆ. ಅರ್ಧ ತಾಸಿನಾಗ ಸೊಲ್ಲಾಪುರದಿಂದ ಜವಾಬು ಬಂತು: "ಪಲ್ಯಾಕ್ಕ ಉಪ್ಪು ಕಮ್ಮಿ ಆಗೇದ."

ನಾ ಬಿದ್ದು ಬಿದ್ದು ನಕ್ಕೆ. ಫೋಟೊ ನೋಡಿ ಉಪ್ಪು ಹೇಳ್ತಾರೇನ್ರಿ ಯಾರರೆ! ಚಾಚಿ ನಗಲಿಲ್ಲ. ಒಂದು ತುತ್ತು ರೊಟ್ಟಿ ಮುರದು, ಪಲ್ಯಾ ಹಚಗೊಂಡು ಬಾಯಾಗ ಇಟಗೊಂಡ್ಳು. ಕಣ್ಣು ತುಂಬಿ ಬಂದ್ವು.

"ಖರೇನ ಕಮ್ಮಿ ಅದ ಬೇಟಾ," ಅಂದ್ಳು. "ಆವಾಗೂ ಉಪ್ಪು ಅಕೀನ ತರ್ತಿದ್ಳು."