ಪಾತಾಳಗರಡಿಗೆ ಅಡವು

ಕೆಲವರಿಗೆ ಊರು ಬಿಡುವುದು ಕಷ್ಟ, ಕೆಲವರಿಗೆ ಊರಿಗೆ ಮರಳುವುದು ಕಷ್ಟ. ನಾನು ಎರಡನೆಯ ಜಾತಿಯವನು. ಅರ್ಧ ಆಯುಷ್ಯವನ್ನು ರಂಗೂನಿನಲ್ಲಿ ಕಳೆದು, ಅಲ್ಲಿ ಜಪಾನಿನವರ ಬಾಂಬು ಬೀಳತೊಡಗಿದ ಮೇಲೆ ಹೆಂಡತಿ ಕಮಲಿಯನ್ನು ಕರೆದುಕೊಂಡು, ಜೀವ ಕೈಯಲ್ಲಿ ಹಿಡಿದು ಹಳ್ಳಿಮೈಸೂರಿಗೆ ಬಂದು ಬಿದ್ದವನು. ತಂದದ್ದು ಒಂದು ಟ್ರಂಕು, ಒಂದು ಚೊಂಬು. ಬಾಯಲ್ಲಿ ಮಾತ್ರ ಇಡೀ ರಂಗೂನನ್ನೇ ತುಂಬಿಕೊಂಡು ಬಂದಿದ್ದೆ. ಅಲ್ಲಿ ಗುಂಡಿ ಒತ್ತಿದರೆ ದೀಪ, ನಲ್ಲಿ ತಿರುಗಿಸಿದರೆ ನೀರು ಎಂದು ಜಗಲಿಯ ಮೇಲೆ ಕೂತು ಹೇಳಿದ್ದನ್ನೇ ಹೇಳುತ್ತಿದ್ದೆ. ಕೇಳುವವರು ತಾಳ್ಮೆಯಿಂದ ಕೇಳಿ, "ಅಂಗಾ?" ಎಂದು ಹೇಳಿ ದನ ಕಟ್ಟಲು ಎದ್ದು ಹೋಗುತ್ತಿದ್ದರು.

ಅಲ್ಲಿ ನನ್ನ ಉದ್ಯೋಗ ಏನಿತ್ತೆಂದು ಹೇಳಲು ನಾಚಿಕೆಯಾಗುತ್ತದೆ. ನಲ್ಲಿ ನೀರಿನ ಕಚೇರಿಯಲ್ಲಿ ಗುಮಾಸ್ತ. ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬ ಕಾಗದಗಳೆಲ್ಲ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತಿದ್ದವು. ಅಂಥವನಿಗೆ ಬೀದಿಯ ಬಾವಿಯಿಂದ ಒಂದು ಕೊಡ ನೀರು ಸೇದಲು ಬಾರದೆಂಬುದು ಕಮಲಿಗೆ ಜ್ವರ ಬಂದ ದಿನ ಗೊತ್ತಾಯಿತು. ಕೊಡದ ಕಂಠಕ್ಕೆ ಕುಣಿಕೆ ಹಾಕುವುದಕ್ಕೂ ಒಂದು ಕ್ರಮವಿದೆಯಂತೆ. ನಾನು ಟ್ರಂಕಿಗೆ ಹಗ್ಗ ಬಿಗಿದ ಹಾಗೆ ಬಿಗಿದೆ. ಕೊಡ ಕೆಳಗೆ ಹೋಯಿತು, ಹಗ್ಗ ಮೇಲೆ ಬಂತು. ಮನೆಯಲ್ಲಿದ್ದದ್ದು ಅದೊಂದೇ ಕೊಡ. ನಾವು ಬರಿಗೈಯಲ್ಲಿ ಬಂದೆವೆಂದು ಕಮಲಿಯ ತಾಯಿ ತಮಗಿದ್ದ ಒಂದೇ ಹಿತ್ತಾಳೆ ಕೊಡವನ್ನು ತಮ್ಮೂರು ಹಳೇಕೋಟೆಯಿಂದ ಹೊರಿಸಿ ಕಳಿಸಿದ್ದರು. ವಿಷಯ ತಿಳಿದು ಕಮಲಿ ಬೈಯಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬಾವಿಗೆ ಬಿದ್ದದ್ದನ್ನು ಎತ್ತಲು ಪಾತಾಳಗರಡಿ ಬೇಕು, ಕಬ್ಬಿಣದ ಬಳೆಯ ಸುತ್ತ ಕೊಕ್ಕೆಗಳು ಜೋತುಬಿದ್ದಿರುವಂಥದು. ನಮ್ಮ ಬೀದಿಗೆಲ್ಲ ಅದು ಇದ್ದದ್ದು ನಿಂಗವ್ವನ ಮನೆಯಲ್ಲಿ ಮಾತ್ರ. ಆಕೆ ದೂರದಲ್ಲಿ ನನಗೆ ದೊಡ್ಡವ್ವನಾಗಬೇಕು. ಹೋಗಿ ಕೇಳಿದೆ.

"ಅದ್ಕೇನ್ ಮಗ, ತಕ್ಕಂಡೋಗು. ಅಡವಿಗೆ ಏನ್ ತಂದಿದ್ದೀ?"

"ಅಡವೇ?"

"ಊ ಕಣ್ ಮಗ. ಗರಡಿ ಆಚಿಕ್ ಓದ್ರೆ ಒಂದು ಏನಾನ ಒಳಿಕ್ ಬರ್ಬೇಕು. ನಮ್ಮತ್ತೆ ಕಾಲ್ದಿಂದ್ಲೂ ಅಂಗೇಯ."

ನನಗೆ ಎಲ್ಲಿಲ್ಲದ ರೋಷ ಬಂತು. ರಂಗೂನಿನಲ್ಲಿ ಅಂಗಡಿಯವರು ನನ್ನ ಮುಖ ನೋಡಿ ಮೂಟೆಗಟ್ಟಲೆ ಅಕ್ಕಿ ಕೊಡುತ್ತಿದ್ದರು, ಇಲ್ಲಿ ನನ್ನ ಸ್ವಂತ ದೊಡ್ಡವ್ವನೇ ನಾಲ್ಕು ಕೊಕ್ಕೆಗೆ ನನ್ನನ್ನು ನಂಬುವುದಿಲ್ಲವಲ್ಲ ಎಂದು ಬೀದಿಗೆಲ್ಲ ಕೇಳುವಂತೆ ಭಾಷಣ ಬಿಗಿದೆ. ಅಕ್ಕಿಯ ಮಾತು ಪೂರ್ತಿ ನಿಜವೂ ಅಲ್ಲ. ನಿಂಗವ್ವ ಅವರೆಕಾಯಿ ಸುಲಿಯುತ್ತಲೇ ಎಲ್ಲವನ್ನೂ ಕೇಳಿ, "ಒಂದು ಚೊಂಬಾದ್ರೂ ಸಾಕು ಮಗ" ಎಂದಳು. ಮನೆಗೆ ಬಂದು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕೂತೆ. ಕಮಲಿ ಗಂಜಿಗೆ ನೀರಿಲ್ಲವೆಂದು ನೆನಪಿಸಿದಳು. ಚೊಂಬು ಹಿಡಿದು ಮತ್ತೆ ಹೋದೆ.

ಬಾವಿಯಲ್ಲಿ ಜಾಲಾಡಿಸಿ ಜಾಲಾಡಿಸಿ ತೋಳು ಬಿದ್ದುಹೋಗುವ ಹೊತ್ತಿಗೆ ಕೊಕ್ಕೆಗೆ ಏನೋ ಸಿಕ್ಕಿತು. ಮೈತುಂಬ ಕೆಸರು, ಪಾಚಿ, ಆದರೂ ಕೊಡವೇ. ಅದನ್ನು ಹೆಗಲ ಮೇಲೆ ಹೊತ್ತು, ತಲೆಯೆತ್ತಿಕೊಂಡು ನಿಂಗವ್ವನ ಬಾಗಿಲಿಗೆ ಹೋಗಿ ಗರಡಿ ಇಟ್ಟೆ. ಆಕೆ ಕೊಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಮಾತಾಡದೆ ಚೊಂಬನ್ನು ಕೊಟ್ಟಳು. ಸೋತದ್ದಕ್ಕೆ ಮಾತು ಹೊರಡಲಿಲ್ಲವೆಂದು ನಾನು ಖುಷಿಪಟ್ಟೆ.

ಕಮಲಿ ಎದ್ದು ಕೂತು ಒಂದಿಷ್ಟು ಹುಣಸೆಹಣ್ಣು ಹಚ್ಚಿ ಉಜ್ಜಿದಳು. ಉಜ್ಜಿದ ಕಡೆಯೆಲ್ಲ ಕೆಂಪಾಯಿತು.

"ಇದು ತಾಮ್ರ. ನಮ್ಮಮ್ಮ ಕೊಟ್ಟದ್ದು ಹಿತ್ತಾಳೆ."

ನಾನು ಕೊಡವನ್ನು ತಿರುಗಿಸಿ ತಿರುಗಿಸಿ ನೋಡಿದೆ.

"ಬೆಳಗ್ಗೆ ಬಿದ್ದ ಕೊಡಕ್ಕೆ ಮಧ್ಯಾಹ್ನದೊಳಗೆ ಇಷ್ಟು ಪಾಚಿ ಕಟ್ಟುತ್ತದೆಯೇ? ಅಷ್ಟೂ ಯೋಚನೆ ಬರಲಿಲ್ಲವೇ?"

ಬರಲಿಲ್ಲ. ಯಾರದ್ದೋ ಕೊಡವನ್ನು ಹಾಡುಹಗಲೇ ಹೊತ್ತು ಬೀದಿಯಲ್ಲಿ ಮೆರವಣಿಗೆ ಬಂದಿದ್ದೆ. ನಮ್ಮ ಕೊಡಕ್ಕೆ ಗರಡಿ ಮತ್ತೆ ಬೇಕು, ಈ ಸಲ ಚೊಂಬಿನ ಬದಲು ಇದನ್ನೇ ಅಡವಿಡೋಣ, ವಾರಸುದಾರರು ಯಾರೆಂದು ನಿಂಗವ್ವನಿಗೇ ಗೊತ್ತಿರುತ್ತದೆ ಎಂದುಕೊಂಡು, ಕೊಡ ಹಿಡಿದು ಗೋಡೆಯ ನೆರಳಿನಲ್ಲೇ ನಡೆದೆ.

"ಇದು ನಂದೇ ಕಣ್ ಮಗ," ಎಂದಳು ನಿಂಗವ್ವ. "ಓದ್ ಬೇಸ್ಗೆಲಿ ಬಿದ್ದಿತ್ತು. ಎಷ್ಟ್ ಜಾಲಾಡಿದ್ರೂ ಸಿಕ್ಕಿರ್ನಿಲ್ಲ."

"ಆಗಲೇ ಗುರುತು ಸಿಕ್ಕಿತ್ತೇ ದೊಡ್ಡವ್ವ?"

"ಕಂಠ ಸೊಟ್ಟ ಆಗಿದ್ಯಲ್ಲ, ನೋಡ್ತಿದ್ದಂಗೆ ಗೊತ್ತಾಯ್ತು. ನೀನು ಅಷ್ಟು ಕುಸಿಯಾಗಿ ಒತ್ಕಂಡ್ ಓಯ್ತಿದ್ದೆ. ನಾಕ್ ಜನದ ಎದ್ರುಗೆ ಯಾಕ್ ಅನ್ಲಿ ಅಂತ ಸುಮ್ಕಾದೆ. ಕೊಡ ಎಲ್ಲೋದಾತು, ನಿನ್ ಮನೇಲೆ ತಾನೆ ಇರೋದು."

ನಿಂತ ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ನಾಲ್ಕು ಕೊಕ್ಕೆಗೆ ನನ್ನನ್ನು ನಂಬಲಿಲ್ಲವೆಂದು ನಾನು ಬೀದಿಯಲ್ಲಿ ಹರಾಜು ಹಾಕಿದ ಹೆಂಗಸು, ತನ್ನ ತಾಮ್ರದ ಕೊಡವನ್ನು ನಾನು ಕಣ್ಣೆದುರಿಗೇ ಹೊತ್ತೊಯ್ದಾಗ ನನ್ನ ಮಾನ ಕಾಯಲು ತುಟಿ ಬಿಚ್ಚಿರಲಿಲ್ಲ. ತಪ್ಪಾಯಿತು ಎನ್ನಬೇಕೆಂದುಕೊಂಡೆ. ಆದರೆ ನಮ್ಮ ಕೊಡ ಇನ್ನೂ ಬಾವಿಯಲ್ಲೇ ಇದೆ, ಗರಡಿ ಬೇಕಿತ್ತು ಎಂದಷ್ಟೇ ಹೇಳಿದೆ.

"ಅದ್ಕೇನ್ ಮಗ, ತಕ್ಕಂಡೋಗು," ಎಂದು ಆಕೆ ಕೊಡವನ್ನು ಒಳಗಿಟ್ಟು ಬಂದಳು. ನಾನು ಗರಡಿಗೆ ಕೈ ಚಾಚಿದೆ.

"ಆ ಕೊಡ ನಂದೇ ಆಯ್ತಲ್ಲ ಮಗ. ಅಡವಿಗೆ ಏನ್ ತಂದಿದ್ದೀ?"

ಭಾಷಣ ಮಾಡದೆ ಚೊಂಬು ತರಲು ಮನೆಗೆ ಹೊರಟೆ.