ಭೂತಕಾಲಕ್ಕೆ ಬೀಗ ಹಾಕಿದ ಗಿಳಿಗೆ

ಫಾರ್ಮರ್ಸ್ ಬ್ರಾಂಚ್, ಟೆಕ್ಸಾಸ್
ಅಕ್ಟೋಬರ್ 2016

ಮಾನ್ಯ ಗಿಳಿಯವರೇ,

ಪಾಲಬ್ರೀತಾ ಎಂಬ ಸ್ಪ್ಯಾನಿಷ್ ಕಲಿಸುವ ಆ್ಯಪ್‌ನ ಹೊಸ್ತಿಲಲ್ಲಿ ಸದಾ ರೆಕ್ಕೆ ಬಡಿಯುತ್ತಾ ಕುಳಿತಿರುವ ತಮ್ಮ ಸನ್ನಿಧಾನಕ್ಕೆ, ಡಲ್ಲಾಸ್ ಪಕ್ಕದ ಈ ಊರಿನ ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್ ಆಗಿರುವ ರಜನಿಯ ವಿನಯಪೂರ್ವಕ ನಮಸ್ಕಾರಗಳು. ನ್ಯಾಯವಾಗಿ ಈ ಪತ್ರವನ್ನು ಆಸ್ಟಿನ್‌ನಲ್ಲಿ ಕಚೇರಿ ಇಟ್ಟುಕೊಂಡಿರುವ ತಮ್ಮ ಕಂಪನಿಯ ಅಧ್ಯಕ್ಷರಿಗೆ ಬರೆಯಬೇಕಿತ್ತು. ಆದರೆ ಅವರಿಗೆ ಕಳುಹಿಸಿದ ಪ್ರತಿ ಇಮೇಲ್‌ಗೂ ತಾವು ಟೋಪಿ ಎತ್ತಿ ನಗುವ ಚಿತ್ರವೇ ಉತ್ತರವಾಗಿ ಬಂದದ್ದರಿಂದ, ಆ ಕಚೇರಿಯಲ್ಲಿ ಓದು ಬರಹ ಬಲ್ಲವರು ತಾವೊಬ್ಬರೇ ಎಂದು ತೀರ್ಮಾನಿಸಿ, ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುವ ಧೈರ್ಯ ಮಾಡಿದ್ದೇನೆ.

ನಮ್ಮಿಬ್ಬರ ಪರಿಚಯವಾದದ್ದು ಹೇಗೆಂದು ತಮಗೆ ನೆನಪಿರಲಾರದು. ನಮ್ಮ ಅಂಗಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಸ್ಪ್ಯಾನಿಷ್ ಮಾತಾಡುವವರು. ಅವರೊಡನೆ ವ್ಯವಹರಿಸುತ್ತಿದ್ದ ಸಹಾಯಕಿ ಮರಿಸೋಲ್ ಮದುವೆಯಾಗಿ ಹ್ಯೂಸ್ಟನ್‌ಗೆ ಶಿಫ್ಟ್ ಆದಳು. ಅವಳ ಜಾಗಕ್ಕೆ ಇನ್ನೊಬ್ಬರನ್ನು ನೇಮಿಸುವ ಬದಲು ನಮ್ಮ ಆಡಳಿತದವರು ಎಲ್ಲರ ಫೋನಿಗೂ ತಮ್ಮನ್ನು ಇಳಿಸಿ, ಇನ್ನು ಭಾಷೆಯ ತೊಂದರೆ ಮುಗಿಯಿತೆಂದು ಘೋಷಿಸಿ, ಕೇಕ್ ಕತ್ತರಿಸಿದರು. ಕೇಕಿನ ಮೇಲೂ ತಾವೇ ಇದ್ದಿರಿ. ತಮ್ಮ ಕೊಕ್ಕು ನನ್ನ ಪಾಲಿಗೆ ಬಂದಿತ್ತು.

ತಮ್ಮ ಪಾಠಕ್ರಮವನ್ನು ಎಷ್ಟು ಹೊಗಳಿದರೂ ಕಡಿಮೆ. ‘ತೊಮಾರ್’ ಎಂದರೆ ತೆಗೆದುಕೊಳ್ಳುವುದು. ಎಲ್ಲೂ ಅಡ್ಡದಾರಿ ಹಿಡಿಯದ ಸಭ್ಯ ಕ್ರಿಯಾಪದ. ‘ತೋಮೊ’ ಎಂದರೆ ನಾನು ತೆಗೆದುಕೊಳ್ಳುತ್ತೇನೆ, ‘ತೋಮಸ್’ ಎಂದರೆ ನೀನು, ‘ತೋಮ’ ಎಂದರೆ ಅವನು ಅಥವಾ ಅವಳು, ಗೌರವದಿಂದ ‘ತಾವು’ ಎನ್ನುವಾಗಲೂ ಅದೇ ‘ತೋಮ’. ನಮ್ಮ ಕನ್ನಡದ ಹಾಗೆಯೇ ಪದದ ಬಾಲ ನೋಡಿ ಯಾರೆಂದು ಹೇಳಬಹುದಾದ್ದರಿಂದ, ಮೈಸೂರಿನಲ್ಲಿ ಬೆಳೆದ ನನಗೆ ಇದು ಸಲೀಸಾಗಿಯೇ ಬಂತು. ಗೂಳಿ ಸೇಬನ್ನು ತೆಗೆದುಕೊಳ್ಳುತ್ತದೆ ಎಂದು ತಾವು ಹೇಳಿಸಿದಿರಿ, ಹೇಳಿದೆ. ಸ್ಪೇನ್ ದೇಶದವರು ಮಾತ್ರ ಬಳಸುವ, ಟೆಕ್ಸಾಸ್‌ನಲ್ಲಿ ಯಾರ ಬಾಯಲ್ಲೂ ಕೇಳದ ‘ತೊಮಾಯಿಸ್’ ಅನ್ನು ವಾರಗಟ್ಟಲೆ ಉರು ಹೊಡೆಸಿದಿರಿ, ಹೊಡೆದೆ. ಆದರೆ ಭೂತಕಾಲದ ಪಾಠಗಳ ಮೇಲೆ ದೊಡ್ಡದೊಂದು ಬೀಗದ ಚಿತ್ರ ಹಾಕಿ, ಚಿನ್ನದ ಗರಿ ಗಳಿಸಿದವರಿಗೆ ಮಾತ್ರ ಪ್ರವೇಶ ಎಂದಿರಿ. ಮನುಷ್ಯ ವರ್ತಮಾನದಲ್ಲಿ ಬದುಕಬೇಕೆಂದು ಎಷ್ಟೋ ಮಹಾತ್ಮರು ಬಾಯಲ್ಲಿ ಹೇಳಿದ್ದಾರೆ. ಅದನ್ನು ಬೀಗ ಜಡಿದು ಜಾರಿಗೆ ತಂದ ಕೀರ್ತಿ ತಮ್ಮದೇ.

ಈಗ ಡೋನ್ಯಾ ಎಉಲಾಲಿಯಾ ಅವರ ವಿಷಯಕ್ಕೆ ಬರುತ್ತೇನೆ. ಡೋನ್ಯಾ ಎಂದರೆ ನಮ್ಮ ‘ಅಮ್ಮನವರು’ ಇದ್ದ ಹಾಗೆ. ಎಂಬತ್ತರ ಆಸುಪಾಸಿನ ವಿಧವೆ, ಅಂಗಡಿಯ ಹಿಂದಿನ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇರುತ್ತಾರೆ, ಔಷಧಿ ಒಯ್ಯಲು ಬರುವಾಗಲೂ ಕಿವಿಗೆ ಮುತ್ತಿನ ಓಲೆ ಹಾಕಿಕೊಂಡೇ ಬರುತ್ತಾರೆ. ಅವರ ಹೆಸರನ್ನು ಅವರ ಒಪ್ಪಿಗೆಯಿಂದಲೇ ಬರೆದಿದ್ದೇನೆ. ಬಿ.ಪಿ. ಇಳಿಯುತ್ತಲೇ ಇಲ್ಲವೆಂದು ಅವರ ಡಾಕ್ಟರು ಮಾತ್ರೆಯ ಪ್ರಮಾಣವನ್ನು ಎರಡರಷ್ಟು ಮಾಡಿ ಚೀಟಿ ಕಳುಹಿಸಿದ್ದರು. ಹಳೆಯ ಮಾತ್ರೆಯನ್ನು ನಿಜವಾಗಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳುವುದು ನನ್ನ ಕೆಲಸ. ಕೇಳಿದೆ. “ಊಸ್ತೇದ್ ತೋಮ ಲಾ ಪಾಸ್ತೀಯ?” ತಾವು ಮಾತ್ರೆ ತೆಗೆದುಕೊಳ್ಳುತ್ತೀರಾ? ಗಿಳಿಯವರೇ, ತಾವು ಕೇಳಿಸಿಕೊಂಡಿದ್ದರೆ ನನ್ನ ಉಚ್ಚಾರಣೆಗೆ ಪಟಾಕಿ ಹಚ್ಚುತ್ತಿದ್ದಿರಿ.

ಆಕೆ ಸ್ವಲ್ಪ ಸಂಕೋಚದಿಂದ “ತೊಮಾಬ” ಅಂದರು.

ತೋಮ ಕೇಳಿಸಿತು. ಕೊನೆಯ ‘ಬ’ ವಯಸ್ಸಾದವರ ಉಸಿರು ಎಂದುಕೊಂಡೆ. “ಮುಯ್ ಬಿಯೆನ್” ಎಂದು ಬೆನ್ನು ತಟ್ಟುವವಳಂತೆ ನಕ್ಕು, ಹೊಸ ಡಬ್ಬಿಯನ್ನು ಅವರ ಕೈಗಿಟ್ಟೆ.

ಆ ಸಂಜೆ ಹತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಇಶಾಳನ್ನು ಸ್ಕೂಲಿನಿಂದ ಪಿಕ್ ಮಾಡಿಕೊಂಡು ಎಲ್‌ಬಿಜೆ ಫ್ರೀವೇಯಲ್ಲಿ ಮನೆಯ ಕಡೆ ಡ್ರೈವ್ ಮಾಡುತ್ತಿದ್ದೆ. ಅವಳು ಪಕ್ಕದ ಸೀಟಿನಲ್ಲಿ ಮರುದಿನದ ಸ್ಪ್ಯಾನಿಷ್ ಟೆಸ್ಟಿಗೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ‘ಅಬ್ಲಾರ್’ ಎಂದರೆ ಮಾತಾಡುವುದು. ಅಬ್ಲಾಬ, ಅಬ್ಲಾಬಸ್, ಅಬ್ಲಾಬ, ಅಬ್ಲಾಬಮೊಸ್. ಆ ‘ಬ’ ನನ್ನ ಕಿವಿಗೆ ಚುಚ್ಚಿತು.

“ಏನೇ ಅದು ಬ, ಬ ಅಂತ?” ಎಂದು ಕೇಳಿದೆ.

“ಇಂಪರ್ಫೆಕ್ಟ್, ಅಮ್ಮಾ. ಐ ಯೂಸ್ಡ್ ಟು ಟಾಕ್.”

“ತೊಮಾರ್‌ಗೂ ಹಾಗೇನಾ? ತೊಮಾಬ ಅಂದರೆ?”

“ಆಲ್ ‘-ಆರ್’ ವರ್ಬ್ಸ್, ಅಮ್ಮಾ. ಐ ಯೂಸ್ಡ್ ಟು ಟೇಕ್ ಇಟ್. ಲೈಕ್, ನಾಟ್ ಎನಿ ಮೋರ್.”

ತೆಗೆದುಕೊಳ್ಳುತ್ತಿದ್ದೆ. ಈಗಿಲ್ಲ. ಆ ಮುದುಕಿ ಎದುರಿಗೆ ನಿಂತು ಸತ್ಯ ಹೇಳಿದ್ದರು, ನಾನು ಭೇಷ್ ಎಂದು ಕಳುಹಿಸಿದ್ದೆ. ಮಾತ್ರೆಯನ್ನೇ ಬಿಟ್ಟಿದ್ದ ಆ ವಯಸ್ಸಿನ ದೇಹಕ್ಕೆ ಎರಡರಷ್ಟು ಪ್ರಮಾಣ ಒಮ್ಮೆಲೇ ಬಿದ್ದರೆ ಬಿ.ಪಿ. ಕುಸಿದು, ಬಚ್ಚಲಲ್ಲೋ ಮೆಟ್ಟಿಲಲ್ಲೋ ತಲೆಸುತ್ತಿ ಬೀಳಬಹುದು. ಇಶಾಳಿಂದ ಅಂಗಡಿಗೆ ಫೋನ್ ಮಾಡಿಸಿ, ಡೋನ್ಯಾ ಅವರ ನಂಬರೂ ಮನೆಯ ವಿಳಾಸವೂ ಪಡೆದು, ಅವರಿಗೆ ಫೋನ್ ಮಾಡಿಸಿದೆ. ಎತ್ತಲಿಲ್ಲ. ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಕಾರು ತಿರುಗಿಸಿದೆ. ಆ ಹೊತ್ತಿನ ಟ್ರಾಫಿಕ್‌ನಲ್ಲಿ ಲೇನಿನಿಂದ ಲೇನಿಗೆ ನುಗ್ಗುತ್ತಿದ್ದೆ. ಅದೇ ಸಮಯಕ್ಕೆ ನನ್ನ ಫೋನು ಟಿಣ್ ಎಂದಿತು. ತಮ್ಮ ಸಂದೇಶ: ‘ರಜನಿ, ಇವತ್ತು ಅಭ್ಯಾಸ ಮಾಡಿಲ್ಲ, ನನಗೆ ಬೇಜಾರು!’ ತಮ್ಮ ಕಣ್ಣಲ್ಲಿ ಒಂದು ನೀಲಿ ಹನಿಯೂ ಇತ್ತು. ಇಂಥ ಕೋಮಲ ಹೃದಯವನ್ನು ನೋಯಿಸಿದ್ದಕ್ಕೆ ಕ್ಷಮೆಯಿರಲಿ.

ಬಾಗಿಲು ತೆರೆದ ಡೋನ್ಯಾ ಎಉಲಾಲಿಯಾ ಅವರಿಗೆ, ಮಾತ್ರೆ ತೆಗೆದುಕೊಳ್ಳಬೇಡಿ ಎಂದು ಹೇಳಬೇಕಿತ್ತು. ತಾವು ಕರುಣಿಸಿದ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ “ನೋ ತೋಮ! ನೋ ತೋಮ!” ಎಂದು ಕೂಗಿದೆ. ತಾವು ಬೀಗ ಹಾಕಿರುವ ಕೋಣೆಗಳಲ್ಲಿ ಆಜ್ಞಾರ್ಥವೂ ಒಂದಾದ್ದರಿಂದ, ನಾನು ಆಡಿದ ಮಾತಿನ ಅರ್ಥ ‘ತಾವು ತೆಗೆದುಕೊಳ್ಳುತ್ತಿಲ್ಲ’ ಎಂದಾಗಿತ್ತು. ಔಷಧಿ ಅಂಗಡಿಯ ಹೆಂಗಸು ಮನೆಯ ತನಕ ಬಂದು ಬೈಯುತ್ತಿದ್ದಾಳೆಂದು ಆಕೆ ನಾಚಿಕೆಯಿಂದ ಕೆಂಪಾಗಿ, “ತೊಮಾರೇ, ತೊಮಾರೇ” ಎನ್ನುತ್ತಾ ಒಳಗೆ ಧಾವಿಸಿ, ಹೊಸ ಡಬ್ಬಿಯ ಮುಚ್ಚಳ ತಿರುವಿ, ನನ್ನ ಕಣ್ಣೆದುರಿಗೇ ಮಾತ್ರೆಯನ್ನು ಅಂಗೈಗೆ ಸುರಿದುಕೊಂಡರು. ‘ತೆಗೆದುಕೊಳ್ಳುತ್ತೇನೆ, ಖಂಡಿತ ತೆಗೆದುಕೊಳ್ಳುತ್ತೇನೆ’ ಎಂಬ ಭವಿಷ್ಯತ್ಕಾಲ ಅದು. ಅದನ್ನು ಕಲಿಯುವ ಯೋಗ ನನಗೆ ಹೀಗೆ ಬಂತು.

“ನೋ ಲಾ ತೋಮೆ, ಸೆನ್ಯೋರಾ!” ಎಂದು ಇಶಾ ನನ್ನ ಹಿಂದಿನಿಂದ ಕಿರುಚಿದಳು. ನಾನು ಆಕೆಯ ಕೈ ಹಿಡಿದೆ. ಕೊನೆಯಲ್ಲಿ ‘ಅ’ ಇದ್ದಲ್ಲಿ ‘ಎ’ ಬಂತು, ಅಷ್ಟೇ. ಬಾಯಿಯ ತನಕ ಹೋಗಿದ್ದ ಕೈ ಕೆಳಗಿಳಿಯಿತು.

ಎಲ್ಲರೂ ಕುಳಿತೆವು. ಮೆಕ್ಸಿಕೋದವರು ಪೂಜಿಸುವ ಗ್ವಾದಲೂಪೆಯ ಮೇರಿ ಮಾತೆಯ ಪಟದ ಕೆಳಗೆ, ನಮ್ಮ ಅಂಗಡಿಯ ಕಿತ್ತಳೆ ಬಣ್ಣದ ಡಬ್ಬಿಗಳು ಸಾಲಾಗಿ, ಒಂದೂ ತೆರೆಯದೆ, ಪೂಜೆಗಿಟ್ಟಂತೆ ನಿಂತಿದ್ದವು. ಒಯ್ಯದಿದ್ದರೆ ಡಾಕ್ಟರಿಗೆ ಬೇಸರವಾದೀತೆಂದು ತಿಂಗಳು ತಿಂಗಳೂ ಒಯ್ದಿದ್ದರು. ಯಾಕೆ ಬಿಟ್ಟಿರೆಂದು ಇಶಾ ಕೇಳಿದಳು. “ತೊಮಾರೀಯ, ಪೇರೊ ಮೆ ದಾ ತೋಸ್” ಅಂದರು ಆಕೆ. ತೆಗೆದುಕೊಂಡೇನು ಕಣಮ್ಮಾ, ಆದರೆ ಕೆಮ್ಮು ಬರುತ್ತದಲ್ಲ. ಚರ್ಚಿನಲ್ಲಿ ಪ್ರಾರ್ಥನೆಯ ಮಧ್ಯೆ ಕೆಮ್ಮಿ ಕೆಮ್ಮಿ ಎಲ್ಲರೂ ತಿರುಗಿ ನೋಡಿದಾಗ ಅವಮಾನವಾಗಿ, ಮಾತ್ರೆಯನ್ನೇ ನಿಲ್ಲಿಸಿದ್ದರಂತೆ. ಆ ಜಾತಿಯ ಮಾತ್ರೆ ಕೆಲವರಿಗೆ ಒಣಕೆಮ್ಮು ತರುತ್ತದೆಂದು ಫಾರ್ಮಸಿ ಓದಿದ ಯಾರಿಗಾದರೂ ಗೊತ್ತು. ಆದರೆ ಕೆಮ್ಮುತ್ತಿದ್ದವರು ಅದನ್ನು ಹೇಳಲು, ಕೇಳುವವರಿಗೆ ಒಂದು ಭಾಷೆ ಬೇಕಿತ್ತು. ಅಲ್ಲಿಂದಲೇ ಅವರ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಆ ಮಾತ್ರೆ ನಿಲ್ಲಿಸಿದರು, ಮರುದಿನ ಬೇರೆ ಬಗೆಯದನ್ನು ಬರೆದುಕೊಟ್ಟರು. ಹೊರಡುವಾಗ ಡೋನ್ಯಾ ಇಶಾಳ ಎರಡೂ ಕೆನ್ನೆಗೆ ಮುತ್ತಿಟ್ಟರು. ಕಾರಿನಲ್ಲಿ ಕುಳಿತ ಮೇಲೆ ನನಗೆ ಅಳು ಬಂತು. ಮಗಳು ಎ.ಸಿ. ಹಾಕಿದಳು.

ಈಗ ಅವರ ಬಿ.ಪಿ. ಹಿಡಿತದಲ್ಲಿದೆ. ಅಂಗಡಿಯ ಬಾಗಿಲಲ್ಲೇ ನನ್ನನ್ನು ನೋಡಿ, ಕೊನೆಯನ್ನು ಒತ್ತಿ, “ತೊಮೇ!” ಎನ್ನುತ್ತಾರೆ. ತೆಗೆದುಕೊಂಡೆ, ಆಯಿತು, ಮುಗಿಯಿತು. ನಮ್ಮ ಆಡಳಿತದವರೂ, ನಾನು ರಾಜೀನಾಮೆ ಪತ್ರ ಹಿಡಿದು ನಿಂತ ಮೇಲೆ, ಸ್ಪ್ಯಾನಿಷ್ ಬಲ್ಲ ಒಬ್ಬಾಕೆಯನ್ನು ನೇಮಿಸಿದ್ದಾರೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಬೇಡಿಕೆಗಳು ಅತ್ಯಲ್ಪ. ಟೆಕ್ಸಾಸ್‌ನ ಮುದುಕ ಮುದುಕಿಯರೆಲ್ಲ ಇನ್ನು ಮುಂದೆ ವರ್ತಮಾನಕಾಲದಲ್ಲಿ ಮಾತ್ರ ಕಾಯಿಲೆ ಬೀಳತಕ್ಕದ್ದೆಂದು ತಾವು ಆದೇಶ ಹೊರಡಿಸಬೇಕು. ನಾನು ಕಲಿತ ‘ತೊಮಾಯಿಸ್’ ವ್ಯರ್ಥವಾಗದಂತೆ ಸ್ಪೇನಿನಿಂದ ಒಂದು ವಿಮಾನ ತುಂಬ ರೋಗಿಗಳನ್ನು ಫಾರ್ಮರ್ಸ್ ಬ್ರಾಂಚ್‌ಗೆ ತರಿಸಿಕೊಡಬೇಕು. ಸೇಬು ತೆಗೆದುಕೊಂಡ ಆ ಗೂಳಿಗೆ ಬಿ.ಪಿ. ಇದ್ದಲ್ಲಿ ದಯವಿಟ್ಟು ನಮ್ಮ ಕೌಂಟರಿಗೇ ಕಳುಹಿಸಬೇಕು, ಅದರೊಡನೆ ನಾನು ನಿರರ್ಗಳವಾಗಿ ಸಂಭಾಷಿಸಬಲ್ಲೆ.

ಒಂದು ಕಾಲದಲ್ಲಿ ತಮ್ಮ ವಿಶ್ವಾಸಿಯಾಗಿದ್ದ,
ರಜನಿ ಸಂಪತ್

ಮರೆತ ಮಾತು: ‘ಬೊರ್ರಾರ್’ ಎಂದರೆ ಅಳಿಸಿ ಹಾಕುವುದು. ಅದೂ ತೊಮಾರ್‌ನಂತೆಯೇ ನೇರ ನಡತೆಯ ಕ್ರಿಯಾಪದ. ಈ ಬೆಳಿಗ್ಗೆ ಫೋನಿನ ಪರದೆಯಲ್ಲಿ ತಮ್ಮ ಮೇಲೆ ಬೆರಳಿಟ್ಟು ಅದುಮಿದಾಗ ತಾವು ಗಡಗಡ ನಡುಗಿ, ‘ನಿಜವಾಗಿಯೂ?’ ಎಂದು ಕೇಳಿದಿರಿ. ಬೊರ್ರೇ.